ಹಾಡಿಗೂ ವಯಸ್ಸಾಗಲಿ

ಹಳೆಯ ಹಾಡುಗಾರರ ಕಾರ್ಯಕ್ರಮಕ್ಕೆ ಹೋಗಿ ಬಂದವರನ್ನು ನಾವೆಲ್ಲ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಮೊದಲಿನ ಹಾಗೆಯೇ ಹಾಡಿದರೇ?’ ಹೌದೆಂದರೆ ಮೆಚ್ಚುಗೆ, ಇಲ್ಲವೆಂದರೆ ಒಂದು ನಿಟ್ಟುಸಿರು. ಅಲ್ಲಿಗೆ ವಿಮರ್ಶೆ ಮುಗಿಯಿತು. ಆದರೆ ಹುಬ್ಬಳ್ಳಿ-ಧಾರವಾಡದ ಕಡೆ ಕಛೇರಿ ಕೇಳಿ ಮನೆಗೆ ಮರಳಿದವರನ್ನು ಯಾರೂ ಹಾಗೆ ವಿಚಾರಿಸುವುದಿಲ್ಲ. ‘ಇವತ್ತು ಹೇಗೆ ಹಾಡಿದರು?’ ಎಂದೇ ಕೇಳುತ್ತಾರೆ. ಮೊದಲ ಪ್ರಶ್ನೆಯಲ್ಲಿ ಗಾಯಕ ತನ್ನ ಯೌವನಕ್ಕೆ ಲೆಕ್ಕ ಒಪ್ಪಿಸಬೇಕು. ಎರಡನೆಯದರಲ್ಲಿ ಅಂದಿನ ಸಂಜೆಗೆ ಒಪ್ಪಿಸಿದರೆ ಸಾಕು. ಪಾಶ್ಚಾತ್ಯ ಮೃದು ರಾಕ್‌ನ ಹಿರಿಯ ತಂಡಗಳನ್ನು ಎದುರಿಗೆ ಕುಳಿತು ಕೇಳುವಾಗಲೂ ನಾವು ಈ ಎರಡನೆಯ ಪ್ರಶ್ನೆಯನ್ನೇ ಕೇಳಬೇಕೆಂಬುದು ಈ ಬರಹದ ವಾದ. ಆ ಪ್ರಶ್ನೆ ನಮ್ಮದೇ ಭಾವಗೀತೆಗಳ ಮನೆಬಾಗಿಲಿಗೂ ಬಂದು ನಿಲ್ಲುತ್ತದೆ. ಅದನ್ನು ಕೊನೆಯಲ್ಲಿ ನೋಡೋಣ.

ನಾವು ಆರಿಸಿಕೊಂಡಿರುವ ಉದಾಹರಣೆ ಡೆನ್ಮಾರ್ಕಿನ ‘ಮೈಕಲ್ ಲರ್ನ್ಸ್ ಟು ರಾಕ್’. 1988ರಲ್ಲಿ ಆರ್ಹುಸ್ ಎಂಬ ನಗರದಲ್ಲಿ ಕೂಡಿದ ನಾಲ್ವರ ತಂಡವಿದು. ಕೀಬೋರ್ಡ್ ನುಡಿಸುತ್ತ ಹಾಡುವ ಯಾಶಾ ರಿಕ್ಟರ್, ಗಿಟಾರಿನ ಮಿಕ್ಕೆಲ್ ಲೆಂಟ್ಸ್, ಡ್ರಮ್ಸಿನ ಕೋರೆ ವಾನ್ಶರ್, ಬೇಸ್ ಗಿಟಾರಿನ ಸೋರೆನ್ ಮ್ಯಾಡ್ಸನ್. ಮೊದಲ ಆಲ್ಬಂ ಬಂದದ್ದು 1991ರಲ್ಲಿ. ‘ಕಲರ್ಸ್’ 1993ರಲ್ಲಿ, ‘ಪ್ಲೇಡ್ ಆನ್ ಪೆಪ್ಪರ್’ 1995ರಲ್ಲಿ. 2000ದಲ್ಲಿ ಮ್ಯಾಡ್ಸನ್ ತಂಡ ಬಿಟ್ಟ ಮೇಲೆ ಉಳಿದ ಮೂವರು ಇಂದಿಗೂ ಒಟ್ಟಿಗಿದ್ದಾರೆ. ಬಹುಪಾಲು ಹಾಡುಗಳನ್ನು ಬರೆದ ರಿಕ್ಟರ್ ಹುಟ್ಟಿದ್ದು 1963ರಲ್ಲಿ. ಅಮೆರಿಕ, ಬ್ರಿಟನ್ನುಗಳ ಕೇಳುಗರು ಈ ತಂಡವನ್ನು ಅಷ್ಟಾಗಿ ವಿಚಾರಿಸಿಕೊಳ್ಳಲಿಲ್ಲ. ಅವರನ್ನು ಮಡಿಲಿಗೆ ಹಾಕಿಕೊಂಡದ್ದು ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಮಲೇಷ್ಯಾ, ಥಾಯ್ಲೆಂಡ್, ಭಾರತದಂಥ ಏಷ್ಯಾದ ದೇಶಗಳು. ತೊಂಬತ್ತರ ದಶಕದಲ್ಲಿ ಉಪಗ್ರಹ ವಾಹಿನಿಗಳು ಮನೆಗಳಿಗೆ ಬಂದಾಗ ಕಾಲೇಜು ಹಾಸ್ಟೆಲುಗಳಲ್ಲಿದ್ದ ನಮ್ಮ ತಲೆಮಾರಿಗೆ ಈ ಹಾಡುಗಳು ಒಬ್ಬರ ಕ್ಯಾಸೆಟ್ಟಿನಿಂದ ಇನ್ನೊಬ್ಬರ ಕ್ಯಾಸೆಟ್ಟಿಗೆ ನಕಲಾಗುತ್ತ ತಲುಪಿದವು.

ಮೃದು ರಾಕ್ ಎಂಬ ಪ್ರಕಾರವನ್ನು ಪಂಡಿತರು ಎಂದೂ ಗೌರವದಿಂದ ನೋಡಿಲ್ಲ. ರಾಕ್ ಸಂಗೀತದ ಹೆಮ್ಮೆ ಇರುವುದು ಪ್ರತಿಭಟನೆಯಲ್ಲಿ, ಅಬ್ಬರದಲ್ಲಿ, ಒರಟುತನದಲ್ಲಿ. ಅದರ ಮೊನೆಯನ್ನು ಉಜ್ಜಿ, ನಯವಾದ ರಾಗ ಮತ್ತು ಒಪ್ಪವಾದ ಸ್ವರಮೇಳ ಸೇರಿಸಿ, ಪ್ರೇಮ ವಿರಹಗಳ ಮಾತನ್ನು ಹೇಳುವುದು ಅಂಗಡಿಯ ಕೆಲಸವೆಂದು ವಿಮರ್ಶಕರು ತೀರ್ಮಾನಿಸಿಬಿಟ್ಟರು. ಜನ ಅವರ ಮಾತನ್ನು ಕೇಳಲಿಲ್ಲ. ಅಮೆರಿಕದ ಧ್ವನಿಮುದ್ರಣ ಉದ್ಯಮ 1976ರಲ್ಲಿ ‘ಪ್ಲಾಟಿನಂ’ ಮನ್ನಣೆಯನ್ನು ಆರಂಭಿಸಿದಾಗ ಅದನ್ನು ಮೊದಲು ಪಡೆದ ಆಲ್ಬಂ ಈಗಲ್ಸ್ ತಂಡದ ಜನಪ್ರಿಯ ಹಾಡುಗಳ ಸಂಕಲನ. ಮಾರಾಟವೇ ಗುಣಕ್ಕೆ ಪ್ರಮಾಣವಲ್ಲ, ಒಪ್ಪೋಣ. ಆದರೆ ಸುಲಭವಾಗಿ ಒಳಗೆ ಬರುವುದೆಲ್ಲ ಸುಲಭವಾಗಿ ಹೊರಗೆ ಹೋಗುತ್ತದೆಂಬ ಊಹೆಗೂ ಪ್ರಮಾಣವಿಲ್ಲ. ಮೂವತ್ತು ವರ್ಷ ಒಳಗೇ ಉಳಿದ ಹಾಡನ್ನು ‘ಹಗುರ’ ಎಂದು ಕರೆಯುವ ಮುನ್ನ ತುಸು ಯೋಚಿಸಬೇಕು.

‘ಮೊದಲಿನ ಹಾಗೆಯೇ’ ಎಂಬ ನಿರೀಕ್ಷೆ ಹುಟ್ಟುವುದು ಎಲ್ಲಿಂದ? ಧ್ವನಿಮುದ್ರಣದಿಂದ. ಈ ಪ್ರಕಾರದಲ್ಲಿ ಹಾಡು ಜನರನ್ನು ತಲುಪುವುದೇ ಮುದ್ರಿತ ರೂಪದಲ್ಲಿ. ಸ್ಟುಡಿಯೋದಲ್ಲಿ ಹಲವು ಬಾರಿ ಹಾಡಿಸಿ, ಚೆನ್ನಾಗಿ ಬಂದದ್ದನ್ನು ಉಳಿಸಿ, ಒಂದರ ಮೇಲೊಂದು ಪದರ ಜೋಡಿಸಿ ಸಿದ್ಧಪಡಿಸಿದ ನಾಲ್ಕು ನಿಮಿಷಗಳೇ ನಮಗೆ ‘ಹಾಡು’. ಗಾಯಕನ ಇಪ್ಪತ್ತೆಂಟನೆಯ ಅಥವಾ ಮೂವತ್ತನೆಯ ವಯಸ್ಸಿನ ಒಂದು ದಿನ ಅಲ್ಲಿ ನಿಂತುಬಿಟ್ಟಿರುತ್ತದೆ. ಮುಂದೆ ಅವನು ಎಲ್ಲಿ ಹಾಡಿದರೂ ಆ ದಿನದ ತನ್ನೊಂದಿಗೇ ಸ್ಪರ್ಧಿಸಬೇಕು. ಆ ಸ್ಪರ್ಧೆಯಲ್ಲಿ ಅವನು ಗೆಲ್ಲಲಾರ. ವಯಸ್ಸಾದಂತೆ ಕಂಠದ ಮೇಲಿನ ಸ್ವರಗಳು ಮೊದಲು ಕೈಕೊಡುತ್ತವೆ, ಉಸಿರು ಚಿಕ್ಕದಾಗುತ್ತದೆ. ಆಗ ತಂಡಗಳು ಮಾಡುವ ಉಪಾಯಗಳು ಕೆಲವಿವೆ. ಶ್ರುತಿಯನ್ನು ಅರ್ಧ ಸ್ವರವೋ ಒಂದು ಸ್ವರವೋ ಇಳಿಸುತ್ತಾರೆ. ಎತ್ತರದ ಸಾಲನ್ನು ಜೊತೆಗಾರರಿಗೆ ಬಿಡುತ್ತಾರೆ, ಇಲ್ಲವೇ ಮೈಕನ್ನು ಸಭೆಯತ್ತ ತಿರುಗಿಸುತ್ತಾರೆ. ಇನ್ನೊಂದು ಉಪಾಯವೂ ಇದೆ: ಹಳೆಯ ಕಂಠವನ್ನೇ ಯಂತ್ರದಿಂದ ನುಡಿಸಿ ಮುಂದೆ ನಿಂತು ತುಟಿಯಾಡಿಸುವುದು. ಮೊದಲಿನವು ವಯಸ್ಸನ್ನು ಒಪ್ಪಿಕೊಂಡ ಕ್ರಮಗಳು. ಕೊನೆಯದು ವಯಸ್ಸನ್ನು ಬಚ್ಚಿಡುವ ಕ್ರಮ. ‘ಮೊದಲಿನ ಹಾಗೆಯೇ’ ಎಂದು ಹಟ ಹಿಡಿಯುವ ಕೇಳುಗರೇ ಗಾಯಕರನ್ನು ಈ ಕೊನೆಯ ದಾರಿಗೆ ದೂಡುತ್ತಾರೆ.

ನಮ್ಮ ಶಾಸ್ತ್ರೀಯ ಪರಂಪರೆ ಈ ತೊಡಕಿನಿಂದ ಬಹುಮಟ್ಟಿಗೆ ಪಾರಾಗಿದೆ. ಗಂಗೂಬಾಯಿ ಹಾನಗಲ್ಲರ ಯೌವನದ ಧ್ವನಿಮುದ್ರಿಕೆಗಳಲ್ಲಿ ಕೇಳಿಸುವ ಕಂಠ ತೆಳು, ಎತ್ತರ. ಗಂಟಲಿನ ಚಿಕಿತ್ಸೆಯಾದ ಬಳಿಕ ಅದು ಗಡುಸಾಗಿ ಕೆಳಗಿಳಿಯಿತು. ಕೇಳುಗರು ಹಳೆಯ ಕಂಠಕ್ಕಾಗಿ ಹಲುಬುತ್ತ ಕೂರಲಿಲ್ಲ. ಹೊಸ ಕಂಠವೇ ಗಂಗೂಬಾಯಿಯವರ ಗುರುತಾಯಿತು. ಮಲ್ಲಿಕಾರ್ಜುನ ಮನ್ಸೂರರು ಎಂಬತ್ತರ ಆಸುಪಾಸಿನಲ್ಲಿ ಹಾಡಿದ್ದನ್ನು ಕೇಳಿದವರು ಅದನ್ನು ಕುಸಿತವೆನ್ನದೆ ಮಾಗಿದ ಹಣ್ಣೆಂದರು. ರಾಗವೆಂಬುದು ಮುಗಿದ ವಸ್ತುವಲ್ಲವಾದ್ದರಿಂದ ಅಲ್ಲಿ ವಯಸ್ಸಿಗೂ ಮಾಡಲು ಕೆಲಸವಿದೆ. ನಾಲ್ಕು ನಿಮಿಷಗಳ ಸಿದ್ಧ ಹಾಡಿನಲ್ಲಿ ವಯಸ್ಸಿಗೆ ಅಂಥ ಕೆಲಸವೇನಾದರೂ ಉಂಟೇ? ಉಂಟೆಂದು ನಮಗೆ ತೋರಿದ್ದು ಶಿಲ್ಲಾಂಗಿನಲ್ಲಿ.

ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ ಊರುಗಳು ಆಯ್ಕೆಯಿಂದ ಬರುವುದಿಲ್ಲ, ಆದೇಶದಿಂದ ಬರುತ್ತವೆ. ಹಾಗೆ ಈಶಾನ್ಯಕ್ಕೆ ಬಂದಿದ್ದ ನಾವು ನಾಲ್ವರು ಕನ್ನಡಿಗರು, ಬೇರೆ ಬೇರೆ ಇಲಾಖೆಯವರು, ಒಂದು ಸಂಜೆ ಈ ತಂಡದ ಕಾರ್ಯಕ್ರಮಕ್ಕೆ ಜೊತೆಯಾಗಿ ಹೋದೆವು. ಶಿಲ್ಲಾಂಗ್ ಹಾಡಿನ ಊರು. ಅಲ್ಲಿಯ ಲೂ ಮಾಜಾ ಎಂಬ ಹಿರಿಯ ಗಾಯಕರು 1972ರಿಂದ ಪ್ರತಿ ವರ್ಷ ಮೇ 24ರಂದು, ಬಾಬ್ ಡಿಲನ್ನರ ಹುಟ್ಟುಹಬ್ಬದ ದಿನ, ಅವರ ಹಾಡುಗಳ ಕಾರ್ಯಕ್ರಮವನ್ನು ನಡೆಸುತ್ತ ಬಂದಿದ್ದಾರೆ. ಹಳೆಯ ಹಾಡನ್ನು ವರ್ಷಕ್ಕೊಮ್ಮೆ ಹೊರತೆಗೆದು ಗಾಳಿಯಾಡಿಸುವುದು ಆ ಊರಿಗೆ ರೂಢಿಯಾಗಿಬಿಟ್ಟಿದೆ. ಅಂದು ನಮ್ಮ ಮುಂದಿನ ಸಾಲಿನಲ್ಲಿ ಜೈನ್ಸೆಮ್ ಉಟ್ಟ ಖಾಸಿ ಅಜ್ಜಿಯೊಬ್ಬರು ಮೊಮ್ಮಗಳೊಂದಿಗೆ ಕುಳಿತಿದ್ದರು. ಚೀಲದಿಂದ ಕ್ವಾಯ್, ಎಂದರೆ ನಮ್ಮದೇ ಎಲೆ ಅಡಿಕೆ ಸುಣ್ಣ, ತೆಗೆದು ಅಕ್ಕಪಕ್ಕದವರಿಗೆಲ್ಲ ಹಂಚಿದರು. ಮಲೆನಾಡಿನವರಾದ ನಮ್ಮ ಗೆಳೆಯರು ಅಡಿಕೆಯನ್ನು ಬೆರಳಲ್ಲಿ ಹೊರಳಿಸಿ ನೋಡಿ, ‘ಹಸಿ ಅಡಿಕೆ ಕಣ್ರೀ, ತಲೆ ಸುತ್ತುತ್ತೆ, ಹುಷಾರು’ ಎಂದರು. ಮಿಜೋರಾಂ, ಮಣಿಪುರ, ಬಂಗಾಳ, ಅಸ್ಸಾಂಗಳ ಸಹೋದ್ಯೋಗಿಗಳೂ ಕಂಡರು. ಅಲ್ಲಿ ನೆರೆದವರಲ್ಲಿ ಇಂಗ್ಲಿಷನ್ನು ತೊಟ್ಟಿಲಲ್ಲಿ ಕೇಳಿ ಬೆಳೆದವರು ಬೆರಳೆಣಿಕೆಯಷ್ಟು ಇದ್ದಾರು.

‘ಟ್ವೆಂಟಿ ಫೈವ್ ಮಿನಿಟ್ಸ್’ ಎಂಬ ಹಾಡನ್ನು ಓದುಗರಲ್ಲಿ ಹಲವರು ಬಲ್ಲಿರಿ. ತೊರೆದುಹೋದ ಪ್ರೀತಿಯನ್ನು ಹುಡುಕಿಕೊಂಡು ಮರಳುವವನೊಬ್ಬ ಚರ್ಚಿನ ಬಾಗಿಲಿಗೆ ಬಂದಾಗ ಆಕೆಯ ಮದುವೆ ಆಗಿಹೋಗಿರುತ್ತದೆ. ಅವನು ತಡವಾದದ್ದು ಇಪ್ಪತ್ತೈದೇ ನಿಮಿಷ. ಹಾಸ್ಟೆಲಿನಲ್ಲಿ ಅದನ್ನು ಕೇಳುವಾಗ ಅದು ನಮಗೆ ಪ್ರೇಮಭಂಗದ ಹಾಡು. ಆ ಹುಡುಗನ ಮೇಲೆ ಕನಿಕರ, ಜೊತೆಗೆ ನಮಗೂ ಅಂಥದೊಂದು ಕಥೆಯಿರಬಾರದೇ ಎಂಬ ಗುಟ್ಟಿನ ಆಸೆ. ಶಿಲ್ಲಾಂಗಿನಲ್ಲಿ ಆ ಹಾಡು ಶುರುವಾದಾಗ ಸಭೆಯೆಲ್ಲ ಎದ್ದು ದನಿಗೂಡಿಸಿತು. ನಮ್ಮ ನಾಲ್ವರಲ್ಲಿ ಒಬ್ಬರು ಮಾತ್ರ ಎದ್ದು ನಿಂತೂ ಹಾಡಲಿಲ್ಲ. ಹಿಂದಿನ ವರ್ಷ ಅವರ ತಾಯಿ ಊರಿನಲ್ಲಿ ತೀರಿಕೊಂಡಿದ್ದರು. ಸುದ್ದಿ ತಿಳಿದಾಗ ಅವರು ಗಡಿಯ ಕಡೆ ತಪಾಸಣೆಯ ಕೆಲಸದಲ್ಲಿದ್ದರು. ಗುಡ್ಡದ ದಾರಿ ಇಳಿದು ಗುವಾಹಟಿಗೆ ಬಂದು, ಸಿಕ್ಕಿದ ವಿಮಾನ ಹಿಡಿದು, ಬೆಂಗಳೂರಿನಿಂದ ರಾತ್ರಿಯ ಬಸ್ಸಿನಲ್ಲಿ ಊರು ಸೇರುವ ಹೊತ್ತಿಗೆ ಎಲ್ಲವೂ ಮುಗಿದು, ಅಂಗಳದಲ್ಲಿ ಬಾಡಿಗೆಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರಂತೆ.

ರಿಕ್ಟರ್ ಹಾಡುತ್ತಿದ್ದುದು ಅದೇ ಹಾಡು, ಅದೇ ಮಾತು. ಮೂವತ್ತು ದಾಟುವ ಮೊದಲಿನ ಗಾಯಕನ ಕಂಠದಲ್ಲಿ ಅದು ಒಂದು ಹುಡುಗಿಯನ್ನು ಕಳೆದುಕೊಂಡ ಕಥೆಯಾಗಿತ್ತು. ತಲೆ ನರೆತ ಗಾಯಕ ನಲವತ್ತು ದಾಟಿದ ನಮ್ಮೆದುರು ಹಾಡುವಾಗ ಅದು ತಡವಾಗಿ ತಲುಪುವ ಎಲ್ಲರ ಕಥೆಯಾಗಿಬಿಟ್ಟಿತ್ತು. ಊರು ಬಿಟ್ಟು ದೂರದಲ್ಲಿ ದುಡಿಯುವ ನಾವೆಲ್ಲ ಒಂದಲ್ಲ ಒಂದು ಬಾಗಿಲಿಗೆ ತಡವಾಗಿ ಬಂದವರೇ. ಹೀಗೆ ಹಾಡಿಗೆ ಹೊಸ ಅರ್ಥ ಕೂಡಿಕೊಂಡದ್ದು ಧ್ವನಿಮುದ್ರಣದಿಂದಲ್ಲ. ಮುದ್ರಣದಲ್ಲಿ ಗಾಯಕನಿಗೆ ಇನ್ನೂ ವಯಸ್ಸೇ ಆಗಿಲ್ಲ. ಹಾಡುವವರೂ ಕೇಳುವವರೂ ನಡುವಿನ ವರ್ಷಗಳನ್ನು ಹೊತ್ತು ತಂದು ಒಂದೇ ಚಪ್ಪರದಡಿ ಕೂಡಿದಾಗಲೇ ಇದು ಸಾಧ್ಯ. ಆ ಸಂಜೆ ಅವರ ಕಂಠ ಕ್ಯಾಸೆಟ್ಟಿನ ಕಂಠಕ್ಕೆ ಎಷ್ಟು ಹತ್ತಿರವಿತ್ತು ಎಂದು ಅಳೆಯುವ ಆಸೆ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಇದಕ್ಕೆ ಎದುರುವಾದವುಂಟು. ಇದೆಲ್ಲ ಹಳೆಯ ನೆನಪಿನ ವ್ಯಾಪಾರ, ನಡುವಯಸ್ಸಿನವರ ಜೇಬಿನಲ್ಲಿ ಈಗ ಹಣವಿದೆಯೆಂದು ಬಲ್ಲ ಸಂಘಟಕರು ಅವರ ಯೌವನವನ್ನೇ ಅವರಿಗೆ ಮಾರುತ್ತಿದ್ದಾರೆ ಎಂಬುದು ಆ ವಾದ. ಇದರಲ್ಲಿ ನಿಜವಿದೆ. ಇಂಥ ಕಾರ್ಯಕ್ರಮಗಳ ಟಿಕೆಟ್ಟು ಅಗ್ಗವಲ್ಲ. ಹಾಸ್ಟೆಲಿನಲ್ಲಿ ನಕಲು ಕ್ಯಾಸೆಟ್ ಕೇಳುತ್ತಿದ್ದ ಹುಡುಗನಂಥವನಿಗೆ ಇಂದೂ ಅದು ಎಟುಕದು. ‘ಕೊನೆಯ ಪ್ರವಾಸ’ವೆಂದು ಸಾರಿ, ಎರಡು ವರ್ಷ ಬಿಟ್ಟು ಮತ್ತೊಂದು ಕೊನೆಯ ಪ್ರವಾಸಕ್ಕೆ ಹೊರಡುವ ತಂಡಗಳೂ ಜಗತ್ತಿನಲ್ಲಿವೆ. ಆದರೆ ನೆನಪನ್ನು ಮಾರುವುದಷ್ಟೇ ಗುರಿಯಾಗಿದ್ದರೆ ಧ್ವನಿಮುದ್ರಣವೇ ಸಾಕಿತ್ತು. ಅದು ಫೋನಿನಲ್ಲಿ ಹೆಚ್ಚುಕಡಿಮೆ ಉಚಿತವಾಗಿಯೇ ಸಿಗುತ್ತದೆ. ಜನ ಅಷ್ಟು ಹಣ ಕೊಟ್ಟು, ಚಳಿಯಲ್ಲಿ ಸಾಲುಗಟ್ಟಿ ನಿಲ್ಲುವುದು ಫೋನಿನಲ್ಲಿ ಸಿಗದ ಏನನ್ನೋ ಅರಸಿ. ಅದು ಎದುರಿನ ಮನುಷ್ಯ. ಅವನು ತಪ್ಪಬಹುದು, ದಣಿಯಬಹುದು, ಒಂದು ಸಾಲನ್ನು ಸಭೆಗೆ ಬಿಟ್ಟು ನೀರು ಕುಡಿಯಬಹುದು. ವ್ಯಾಪಾರಿ ಯೌವನವನ್ನು ಮಾರಲು ಕೂತಿದ್ದರೂ ಕೊಳ್ಳುವವರು ಅಲ್ಲಿ ಬೇರೇನನ್ನೋ ಪಡೆದು ಹೋಗುತ್ತಾರೆ. ಜಾತ್ರೆಯಲ್ಲಿ ಬೆಂಡು ಬತ್ತಾಸು ಮಾರುವವನ ಲೆಕ್ಕವೇ ಬೇರೆ, ತೇರು ನೋಡಲು ಬಂದವರ ಲೆಕ್ಕವೇ ಬೇರೆ.

ಭಾಷೆಯ ಬಗೆಗೂ ಒಂದು ಮಾತು. ಡೇನಿಷ್ ನಾಡಿನ ತಂಡ ಇಂಗ್ಲಿಷಿನಲ್ಲಿ ಹಾಡುತ್ತದೆ, ಅದನ್ನು ಖಾಸಿ, ಮಿಜೊ, ಕನ್ನಡ ಮನೆಮಾತಿನವರು ಸೇರಿ ಹಾಡುತ್ತಾರೆ. 2004ರಲ್ಲಿ ಬಂದ ಅವರ ‘ಟೇಕ್ ಮಿ ಟು ಯುವರ್ ಹಾರ್ಟ್’ ಎಂಬ ಹಾಡಿನ ರಾಗವಂತೂ ಹಾಂಕಾಂಗಿನ ಜ್ಯಾಕಿ ಚೆಯುಂಗ್ 1993ರಲ್ಲಿ ಹಾಡಿದ ಚೀನೀ ಗೀತೆಯದು. ಇಂಥ ಹಾಡುಗಳ ಪದಗಳು ತೀರ ಸರಳ, ಶಾಲೆಯ ಪಠ್ಯದ ಇಂಗ್ಲಿಷಿನಷ್ಟೇ ಸರಳ ಎಂಬುದು ಇನ್ನೊಂದು ಆಕ್ಷೇಪ. ಇಂಗ್ಲಿಷ್ ಸಾಹಿತ್ಯವನ್ನು ಓದಿದ ನಮ್ಮಂಥವರು ಒಂದು ಸಂಗತಿಯನ್ನು ಮರೆಯಬಾರದು. 1800ರಲ್ಲಿ ತನ್ನ ಕವನಗಳಿಗೆ ಮುನ್ನುಡಿ ಬರೆದ ವರ್ಡ್ಸ್‌ವರ್ತ್ ಕಾವ್ಯಕ್ಕೆ ಬೇಡಿದ್ದು ಜನ ನಿಜವಾಗಿ ಆಡುವ ಮಾತನ್ನೇ. ಬಿ.ಎಂ.ಶ್ರೀಯವರು ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಹೊರಗಿನ ಭಾವಗೀತೆಯನ್ನು ಕನ್ನಡದ ಸಹಜ ನುಡಿಗಟ್ಟಿಗೆ ಇಳಿಸಿದಾಗ ನಮ್ಮ ನವೋದಯಕ್ಕೇ ದಾರಿ ತೆರೆಯಿತು. ದೂರದ ಹಾಡು ಕನ್ನಡದ ಎದೆಗೆ ಬೀಳುವುದು ನಮಗೆ ಹೊಸತೂ ಅಲ್ಲ, ನಾಚಿಕೆಯೂ ಅಲ್ಲ.

ಇನ್ನು ನಮ್ಮ ಮನೆಬಾಗಿಲ ಮಾತು. ಕನ್ನಡದಲ್ಲಿ ಮೃದು ರಾಕ್‌ಗೆ ಹತ್ತಿರದ ನೆಂಟನೆಂದರೆ ಸುಗಮ ಸಂಗೀತ. ಹೆಸರೇ ಹೇಳುವಂತೆ ಸುಗಮ. ಅದನ್ನು ಕೇಳಿ ಸವಿಯಲು ತಯಾರಿ ಬೇಕಿಲ್ಲ. ಅದಕ್ಕೂ ಎರಡು ಕಡೆಯಿಂದ ಪೆಟ್ಟು ಬಿದ್ದಿದೆ. ಶಾಸ್ತ್ರೀಯದವರು ಇದು ಸಂಗೀತವೇ ಎಂದರು. ನವ್ಯದ ಕಾಲದಲ್ಲಿ ‘ಮೈಸೂರು ಮಲ್ಲಿಗೆ’ಯ ಕವಿಯನ್ನೇ ಹಗುರವಾಗಿ ಕಂಡವರು ಅವರ ಹಾಡುಗಳನ್ನು ಬಿಟ್ಟಾರೆಯೇ? ಆದರೂ 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ಮೊದಲುಗೊಂಡು ಈ ಹಾಡುಗಳು ಕವಿತೆಯನ್ನು ಪುಸ್ತಕದಿಂದ ಅಡುಗೆಮನೆಗೆ, ಬಸ್ಸಿಗೆ, ಹೊರನಾಡಿನ ಬಾಡಿಗೆ ಮನೆಗೆ ತಲುಪಿಸಿದವು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಜನಸಾಗರದೆದುರು ಹಾಡುವಾಗ ಸಿ. ಅಶ್ವತ್ಥರಿಗೆ ಅರವತ್ತೈದು. ಅವರ ಆ ಒರಟು, ಏರು ಕಂಠವನ್ನು ಯಾರೂ ಅವರ ಹಳೆಯ ಧ್ವನಿಸುರುಳಿಯ ಪಕ್ಕದಲ್ಲಿಟ್ಟು ತೂಗಲಿಲ್ಲ.

ಆದರೆ ಇಂದು ಹೊರನಾಡಿನ ನಮ್ಮ ಸಂಘಗಳ ವೇದಿಕೆಗಳಲ್ಲಿ ಕಾಣುತ್ತಿರುವುದೇನು? ರಾಜ್ಯೋತ್ಸವ ಬಂದರೆ ಪೆನ್‌ಡ್ರೈವಿನಿಂದ ಟ್ರ್ಯಾಕು ಹೊರಡುತ್ತದೆ, ಅದರ ಮೇಲೆ ಗಾಯಕರು ಹಾಡುತ್ತಾರೆ. ತಬಲಾದವರಿಗೆ, ಹಾರ್ಮೋನಿಯಂನವರಿಗೆ, ಕೊಳಲಿನವರಿಗೆ ಕೊಡಬೇಕಾದ ಸಂಭಾವನೆ ಉಳಿಯುತ್ತದೆ, ಅಭ್ಯಾಸದ ತಾಪತ್ರಯವಿಲ್ಲ, ಹಾಡು ‘ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ’ ಬರುತ್ತದೆ. ಟ್ರ್ಯಾಕು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಅರವತ್ತೆಂಟರ ಗಾಯಕಿ ಒಂದು ಪದದ ಮೇಲೆ ಉಸಿರು ತೆಗೆದುಕೊಳ್ಳಲು ನಿಂತರೆ ಅದು ಮುಂದಿನ ಸಾಲಿಗೆ ಹೋಗಿರುತ್ತದೆ. ಅವರು ಅಂದು ಒಂದು ಚರಣವನ್ನು ಎರಡು ಬಾರಿ ಹಾಡಬೇಕೆಂದರೂ ಆಗದು. ಶ್ರುತಿ ಇಳಿಸೋಣವೆಂದರೆ ಅದನ್ನು ಮೊದಲೇ ಸಿದ್ಧಪಡಿಸಿರಬೇಕು. ಎದುರಿಗೆ ತಬಲಾದವನೊಬ್ಬ ಇದ್ದರೆ ಆಕೆಯ ಕಣ್ಣನ್ನು ನೋಡಿ ಅರ್ಧ ಕ್ಷಣ ತಡೆಯುತ್ತಿದ್ದ. ಆ ಅರ್ಧ ಕ್ಷಣದಲ್ಲಿಯೇ ಹಾಡು ಇಂದಿನದಾಗುವುದು.

ಖರ್ಚಿನ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಸದಸ್ಯತ್ವದ ಹಣದಲ್ಲಿ ಸಭಾಂಗಣದ ಬಾಡಿಗೆ, ಊಟ, ಅತಿಥಿಗಳ ಪ್ರಯಾಣ ಎಲ್ಲವನ್ನೂ ತೂಗಿಸಬೇಕಾದ ಕಾರ್ಯದರ್ಶಿಗಳ ಪಾಡು ಅವರಿಗೇ ಗೊತ್ತು. ಆದರೂ ಒಂದು ಸೂಚನೆ. ವರ್ಷಕ್ಕೆ ಮೂರು ಹಾಡಿನ ಕಾರ್ಯಕ್ರಮಗಳನ್ನು ಟ್ರ್ಯಾಕಿನ ಮೇಲೆ ನಡೆಸುವ ಬದಲು ಒಂದನ್ನೇ ನಡೆಸೋಣ, ಮೂವರು ವಾದಕರೊಂದಿಗೆ ನಡೆಸೋಣ. ಡೆನ್ಮಾರ್ಕಿನ ಆ ತಂಡದಲ್ಲಿ ಉಳಿದಿರುವುದೂ ಮೂವರೇ. ಭಾವಗೀತೆಗೆ ಹಾರ್ಮೋನಿಯಂ, ತಬಲಾ, ಒಂದು ಕೊಳಲು ಇದ್ದರೆ ಕೊರತೆಯೆನಿಸದು. ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ಒಳ್ಳೆಯ ತಬಲಾ, ಮೃದಂಗ, ವಯೊಲಿನ್ ವಾದಕರಿಗೆ ಬರವಿಲ್ಲ. ಅವರಿಗೆ ಕನ್ನಡ ಬರಲೇಬೇಕೆಂಬ ನಿಯಮವೂ ಇಲ್ಲ. ಹಾಡನ್ನು ಎರಡು ದಿನ ಜೊತೆಗೆ ಕೂತು ಕಲಿತ ಮರಾಠಿ ತಬಲಾವಾದಕ ಮುಂದೆ ಅದನ್ನು ತನ್ನ ಮನೆಯಲ್ಲೂ ಗುನುಗಿಯಾನು.

ಇದರಲ್ಲಿ ಅವಸರವೂ ಇದೆ. ಮೈಸೂರು ಅನಂತಸ್ವಾಮಿ 1995ರಲ್ಲಿ ಹೋದರು, ಅಶ್ವತ್ಥ್ 2009ರಲ್ಲಿ. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ 2022ರಲ್ಲಿ. ಅವರ ಧ್ವನಿಮುದ್ರಣಗಳು ಉಳಿದಿವೆ, ಉಳಿಯುತ್ತವೆ. ಅವನ್ನು ಎಷ್ಟು ಹೊತ್ತಿಗಾದರೂ ಕೇಳಬಹುದು. ಆದರೆ ಅವರ ಜೊತೆ ಹಾಡಿದ, ಅವರ ನಂತರವೂ ಹಾಡುತ್ತಿರುವ ಹಿರಿಯರು ಇಂದು ಅರವತ್ತು ಎಪ್ಪತ್ತರ ವಯಸ್ಸಿನಲ್ಲಿ ಹೇಗೆ ಹಾಡುತ್ತಾರೆಂಬುದನ್ನು ಕೇಳಲು ಇರುವುದು ಕೆಲವೇ ವರ್ಷ. ಆ ಬಾಗಿಲಿಗಾದರೂ ನಾವು ಹೊತ್ತಿಗೆ ಸರಿಯಾಗಿ ಹೋಗೋಣ. ಬರುವ ನವೆಂಬರಿನ ಕಾರ್ಯಕ್ರಮ ಪಟ್ಟಿಯನ್ನು ಸಿದ್ಧಪಡಿಸಲು ಸಂಘದ ಸಮಿತಿ ಕೂತಾಗ, ಅಂಥ ಒಬ್ಬ ಹಿರಿಯರ ಹೆಸರನ್ನು ಬರೆದು, ಪಕ್ಕದಲ್ಲಿ ಮೂವರು ವಾದಕರ ಸಂಭಾವನೆಯನ್ನೂ ಬರೆಯೋಣ. ಯಾವ ಶ್ರುತಿಯಲ್ಲಿ ಹಾಡುತ್ತೀರಿ ಎಂಬುದನ್ನು ಅವರನ್ನೇ ಕೇಳೋಣ.